ಮುಂದಿನ ಸೀಟಿನ ಸೊಸೆ

"ಸಾರ್, ಈ ಅತ್ತೆ ಯಾರು?"

ಬೆಳಗ್ಗೆ ಹತ್ತೂಕಾಲಿಗೆ ನನ್ನ ಮೇಜಿನ ಮುಂದೆ ನಿಂತು ಹೀಗೆ ಕೇಳಿದವಳು ನಮ್ಮ ಹೊಸ ಇಂಜಿನಿಯರು. ಹೊಸಬಳು ನಮಗೆ ಮಾತ್ರ. ಬೇರೆ ಕಡೆ ಹನ್ನೆರಡು ವರ್ಷ ಕೆಲಸ ಮಾಡಿ ಬಂದಾಕೆ. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಮುಚ್ಚಳ ಬಿಚ್ಚಿದ ಹಳದಿ ಪೆಟ್ಟಿಗೆ.

"ನನಗಂತೂ ಇನ್ನೂ ಸಿಕ್ಕಿಲ್ಲಮ್ಮ. ಹುಡುಕ್ತಿದಾರೆ," ಎಂದೆ.

ಅವಳು ನಗಲಿಲ್ಲ.

ಆ ಪೆಟ್ಟಿಗೆ ನಾವು ಮಾಡುವ ಎಚ್ಚರಿಕೆ ಯಂತ್ರ. ಶೀತಲಗೃಹಗಳ ಕೊಳವೆಗಳಲ್ಲಿ ಅಮೋನಿಯಾ ಓಡುತ್ತದೆ. ಅದು ಸೋರಿ ಗಾಳಿಯಲ್ಲಿ ಮಿತಿ ಮೀರಿದರೆ ಪೆಟ್ಟಿಗೆ ಕಿರುಚಬೇಕು, ಬಾಗಿಲ ಮೇಲಿನ ಹಸಿರು ದೀಪ ಕೆಂಪಾಗಬೇಕು. ಎಷ್ಟಾದರೆ ಮಿತಿ ಎಂಬ ಅಂಕಿ ಒಳಗಿನ ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ.

ಫ್ಲ್ಯಾಶ್ ಎಂಬುದು ಮರೆಗುಳಿ. ಬರೆದದ್ದರಲ್ಲಿ ಆಗಾಗ ಒಂದು ಬಿಟ್ಟನ್ನು, ಅಂದರೆ ಒಂದು ಸೊನ್ನೆಯನ್ನೋ ಒಂದನ್ನೋ, ಕೈಬಿಟ್ಟುಬಿಡುತ್ತದೆ. ಅದಕ್ಕೇ ಚಿಪ್ಪಿನ ಪ್ರತಿ ಪುಟದ ಕೊನೆಯ ಪಟ್ಟಿಯಲ್ಲಿ ತಪ್ಪು ತಿದ್ದುವ ಕೆಲವು ಬೈಟುಗಳನ್ನು ಕೂರಿಸುತ್ತೇವೆ. ಅದೇ ಪಟ್ಟಿಯಲ್ಲಿ ಇನ್ನೊಂದು ಗುರುತೂ ಇರುತ್ತದೆ: "ಈ ಜಾಗ ಹುಟ್ಟಿನಿಂದಲೇ ಕೆಟ್ಟದ್ದು, ಇಲ್ಲಿ ಬರೆಯಬೇಡಿ" ಎಂದು ಚಿಪ್ ಮಾಡಿದವರೇ ಹಾಕಿ ಕಳಿಸುವ ಗುರುತು. ಒಮ್ಮೆ ಅಳಿಸಿದಿರೋ ಮುಗಿಯಿತು, ಯಾವ ಜಾಗ ಕೆಟ್ಟದ್ದೆಂದು ಆಮೇಲೆ ಯಾರೂ ಹೇಳಲಾರರು. ಹಳೆಯ, ಸಣ್ಣ ಪುಟದ ಚಿಪ್ಪಿನಲ್ಲಿ ಈ ಗುರುತು ಆರನೆಯ ಬೈಟಿನಲ್ಲಿ, ತಿದ್ದುವ ಬೈಟುಗಳು ಎಲ್ಲಕ್ಕಿಂತ ಮುಂದೆ. ಹೊಸ ಚಿಪ್ಪಿನಲ್ಲಿ ಗುರುತೇ ಮೊದಲ ಬೈಟು, ತಿದ್ದುವವು ಹಿಂದೆ.

ಈ ಎರಡು ಜೋಡಣೆಗಳಿಗೆ ಕೋಡಿನಲ್ಲಿ ಹೆಸರಿಟ್ಟವನು ನಾನು. ಆ ವಾರ ಪಕ್ಕದ ಮೇಜಿನವನ ಮನೆಗೆ ಕಾರು ಬಂದು, ಮುಂದಿನ ಸೀಟಿಗೆ ಅತ್ತೆ-ಸೊಸೆಯ ಜಗಳವಾಗಿ, ಸೊಸೆ ಗೆದ್ದಿದ್ದಳು. ಸರಿ, ತಿದ್ದುವ ಬೈಟು ಮುಂದೆ ಕೂತರೆ 'ಸೊಸೆ', ಹಿಂದೆ ಕೂತರೆ 'ಅತ್ತೆ'. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತ್ತು, ಒಬ್ಬರನ್ನು ಬಿಟ್ಟು. ಅವರು ನಮ್ಮ ತಂಡದ ಹಿರಿಯರು. ನಾವಿಟ್ಟ ಹೆಸರು ಚಾಳೀಸು ಮೇಡಂ.

"ಹೆಸರು ಓದಿದ್ರೆ ಗುರುತು ಎಲ್ಲಿದೆ ಅಂತ ಗೊತ್ತಾಗ್ಬೇಕು," ಎಂದಿದ್ದರು. "'ಸಣ್ಣ ಪುಟ, ಗುರುತು ಆರರಲ್ಲಿ' ಅಂತಿಡು. ಉದ್ದ ಆದ್ರೆ ಆಗ್ಲಿ. ನಿನ್ನ ಕಾರಿನ ಕಥೇನ ನಾಳೆ ಬರೋರಿಗೆ ಯಾರಪ್ಪಾ ಹೇಳ್ತಾರೆ?"

ಅವರು ಆಚೆ ಹೋದದ್ದೇ ತಡ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅವರದೇ ದನಿಯಲ್ಲಿ "ಉದ್ದ ಆದ್ರೆ ಆಗ್ಲಿ" ಎಂದೆ. ಇನ್ನೊಂದು ಸುತ್ತು ನಗೆ. ಆ ತಿಂಗಳೇ ಅವರು ನಿವೃತ್ತರಾದರು. ಪಕ್ಕದ ಮೇಜಿನವನೂ ಕೆಲಸ ಬಿಟ್ಟ. ಹೆಸರುಗಳು ಮಾತ್ರ ಬಿಡಲಿಲ್ಲ.

"ಹಳೇದು ಅತ್ತೆ, ಹೊಸ್ದು ಸೊಸೆ ಅಂದ್ಕೊಂಡೆ," ಎಂದಳು ಹೊಸಬಳು. ಚಿಪ್ಪಿಗೆ ತುಂಬುವ ಪ್ರೋಗ್ರಾಮು ಈಗ ಅವಳ ಕೈಯಲ್ಲಿತ್ತು. "ಹೊಸ ಚಿಪ್ಪಿಗೆ ಸೊಸೇನ ಹಾಕಿದೆ. ಬರೆಯೋ ಕಡೆ, ಓದೋ ಕಡೆ, ಎರಡೂ ಕಡೆ. ಯಾರಾದ್ರೂ ಹಾಗೇ ತಿಳ್ಕೋತಾರಲ್ವಾ ಸಾರ್?"

ಅಂದರೆ ತಿದ್ದುವ ಬೈಟುಗಳು ಕೆಟ್ಟ ಜಾಗದ ಗುರುತಿನ ಮೇಲೆಯೇ ಕೂತು ಅದನ್ನು ಅಳಿಸಿಹಾಕಿದ್ದವು. "ಎಷ್ಟು ಪೆಟ್ಟಿಗೆ?"

"ಮುನ್ನೂರ ನಲವತ್ತು. ಟೆಸ್ಟಲ್ಲಿ ಒಂದೂ ಫೇಲ್ ಆಗಿಲ್ಲ."

ಆಗುವುದಿಲ್ಲ. ಕೆಟ್ಟ ಜಾಗವೂ ಮೊದಲ ದಿನಗಳಲ್ಲಿ ಒಳ್ಳೆಯದರಂತೆಯೇ ನಡೆದುಕೊಳ್ಳುತ್ತದೆ.

"ಇದು ಗುಂಡಿ ಕೆಟ್ಟಿದೆ ಅಂತ ವಾಪಸ್ ಬಂದಿದ್ದು. ಮಿತಿ ಎಷ್ಟಿದೆ ನೋಡಿ." ಪರದೆ ನನ್ನ ಕಡೆ ತಿರುಗಿಸಿದಳು. ಇಪ್ಪತ್ತೈದು ಇರಬೇಕಾದಲ್ಲಿ ಇನ್ನೂರ ಎಂಬತ್ತೊಂದು. ಅಷ್ಟು ಸೋರುವ ತನಕ ಪೆಟ್ಟಿಗೆ ಕಿರುಚುವುದಿಲ್ಲ. ಕೆಳಗಿನ ಸಾಲು ಹೇಳುತ್ತಿತ್ತು: ಒಂದು ದೋಷ ತಿದ್ದಲಾಗಿದೆ. ಸ್ಥಿತಿ ಸರಿಯಿದೆ.

ಒಂದು ತಪ್ಪಿದ್ದರೆ ಪೆಟ್ಟಿಗೆ ಅದನ್ನು ತಿದ್ದಬಲ್ಲದು. ಒಂದೇ ಕಡೆ ಮೂರು ನಾಲ್ಕು ತಪ್ಪಾದರೆ ತಲೆಕೆಟ್ಟು, ಸರಿಯಿದ್ದದ್ದನ್ನೇ ತಿದ್ದಿ, ಹಸಿರು ದೀಪ ಹಚ್ಚಿಟ್ಟು ಸುಮ್ಮನೆ ಕೂರುತ್ತದೆ.

"ಯಾರ್ಯಾರಿಗೆ ಹೋಗಿವೆ?"

ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ನನ್ನ ಭಾವನ ಶೀತಲಗೃಹವಿತ್ತು. ನಾಲ್ಕು ಪೆಟ್ಟಿಗೆ. ಭಾವ ಅಲ್ಲಿ ಹಗಲು ಪಾಳಿಯ ಮುಖ್ಯಸ್ಥರು. "ನಮ್ಮ ಭಾಮೈದ ಮಾಡಿದ್ದು" ಎಂದು ಊರೆಲ್ಲ ಹೇಳಿಕೊಂಡು ಹಾಕಿಸಿದ್ದರು.

ಅಕ್ಕ ಒಂಬತ್ತಕ್ಕೆ ಫೋನಿನಲ್ಲಿ ಹೇಳಿದ್ದು ಆಗ ನೆನಪಾಯಿತು. "ನಿನ್ನ ಭಾವನ ಕಣ್ಣು ಎರಡು ದಿನದಿಂದ ಕೆಂಡ ಕಣೋ. ಯಾವ ಸಿನಿಮಾ ನೋಡಿ ಅತ್ಕೊಂಡ್ ಬಂದ್ರಿ ಅಂದೆ. ಕೆಮ್ಮು ಬೇರೆ. ವಾಸನೆ ಏನಾದ್ರೂ ಇದ್ಯಾ ಅಂದ್ರೆ, ಅಲ್ಲಿ ಯಾವಾಗ್ಲೂ ಇರೋದೇ, ದೀಪ ಹಸಿರಾಗಿದ್ಯಲ್ಲ ಅಂತಾರೆ."

"ನಮ್ಮ ಸಾಹೇಬರಿಗೆ ಹೇಳು. ಎಲ್ಲ ಕಡೆಗೂ ಫೋನ್ ಹೋಗ್ಬೇಕು, ಈಗ್ಲೇ," ಎಂದೆ. ಅವಳು ಓಡಿದಳು.

ನಾನು ಭಾವನ ನಂಬರು ಒತ್ತಲು ಹೋಗಿ ತಡೆದೆ. ಎರಡು ಸಲ ಅವರ ಮ್ಯಾನೇಜರ ಮೂಗಿನ ದನಿಯಲ್ಲಿ ಫೋನ್ ಮಾಡಿ ಭಾವನನ್ನು ಗೇಟಿನ ತನಕ ಓಡಿಸಿದವನು ನಾನು. ನನ್ನ ದನಿಯಲ್ಲಿ "ಎಲ್ಲರೂ ಹೊರಗೆ ಬನ್ನಿ" ಎಂದರೆ ನಂಬುವುದಿಲ್ಲ. ಬೈಟು, ಗುರುತು, ಅತ್ತೆ, ಸೊಸೆ ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಬೇಕು. ಮ್ಯಾನೇಜರು ಹೇಳಿದರೆ ಹತ್ತು ಸೆಕೆಂಡು.

ಆಫೀಸಿನ ಫೋನಿನಿಂದ ಪಾಳಿಯ ಮೊಬೈಲಿಗೆ ಮಾಡಿದೆ. ಭಾವನೇ ಎತ್ತಿದರು. ಮೂಗು ಬಿಗಿಹಿಡಿದೆ.

"ನಾನ್ರೀ. ಎಲ್ರೂ ಈಗ್ಲೇ ಗೇಟಿನ ಹೊರಗೆ. ಒಳಗೆ ಒಬ್ರೂ ಇರ್ಕೂಡ್ದು. ಪ್ರಶ್ನೆ ಬೇಡ."

ಆ ಕಡೆಯಿಂದ ಕೆಮ್ಮು ಬೆರೆತ ನಗೆ.

"ಏನ್ ಭಾಮೈದಾ! ನಮ್ಮ ಮ್ಯಾನೇಜರ್ ಸಾಹೇಬ್ರು ಈಗ ತಾನೇ ನನ್ನ ಮುಂದೆ ಮೂರನೇ ಕೋಣೆ ಒಳಗೆ ಹೋದ್ರು ಕಣೋ. ಸ್ವಲ್ಪ ನೋಡ್ಕೊಂಡು ಮಾಡ್ಬಾರ್ದಾ?"

"ಭಾವ, ನಾನೇ. ಪೆಟ್ಟಿಗೆ ಕೆಟ್ಟಿದೆ, ದೀಪ ನಂಬ್ಬೇಡಿ..."

"ನೀನೇ ಅಂತ ಗೊತ್ತಾಯ್ತಲ್ಲ! ಆದ್ರೂ ಇವತ್ತು ಅದ್ಭುತ, ಆ ಗೊರ್ ಗೊರ್ ಕೂಡ ಬಂತು. ಇರು ಇರು, ಅವರಿಗೇ ಕೇಳಿಸ್ತೀನಿ. ತಮ್ಮ ದನಿ ತಾವೇ ಕೇಳ್ಲಿ."

"ಭಾವ, ಒಳಗೆ ಹೋಗ್ಬೇಡಿ! ಅಕ್ಕನಾಣೆ!"

ಫೋನು ಕಿವಿಯಿಂದ ದೂರ ಹೋಗಿತ್ತು. ಬೂಟಿನ ಸದ್ದು, ಆಮೇಲೆ ದಪ್ಪ ಬಾಗಿಲಿನ ಚಿಲಕ ಎತ್ತುವ ಸದ್ದು. "ಹಸಿರೇ ಇದೆ," ಎಂದು ಭಾವ ತಮಗೇ ಹೇಳಿಕೊಂಡರು. ಯಂತ್ರದ ಮೊರೆತ ಒಮ್ಮೆಲೇ ಹತ್ತಿರವಾಯಿತು.

"ಸಾರ್," ಎಂದು ಕರೆದರು, ಇನ್ನೂ ನಗುತ್ತಲೇ. "ಸಾರ್, ನಿಮಗೆ ನಿಮ್ಮದೇ ಫೋನು."

ಕೆಮ್ಮು. ಮತ್ತೆ ಕೆಮ್ಮು. ಬಾಗಿಲು ತಾನಾಗಿ ಮುಚ್ಚಿಕೊಂಡ ಸದ್ದು.

"ಸಾರ್?"

ಈಗ ಆ ದನಿಯಲ್ಲಿ ನಗೆಯಿರಲಿಲ್ಲ. ನಾನು ಕೂಗುತ್ತಲೇ ಇದ್ದೆ, ನನ್ನ ದನಿಯಲ್ಲಿ, ಮ್ಯಾನೇಜರ ದನಿಯಲ್ಲಿ, ಮತ್ತೆ ನನ್ನ ದನಿಯಲ್ಲಿ.