ಪಳ್ಳಿಪುರಂ ಕೋಟೆ ನೋಡಿದವರು

ತಿಪಟೂರಿನ ಸೂರ್ಯಪ್ರಕಾಶನಿಗೆ ಭೂಮಿ ಮೇಲೆ ಮೆಚ್ಚುಗೆಯಾದ ಊರು ಒಂದೇ, ಅದು ತಿಪಟೂರು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಮಿಷನ್ ನೋಡಲಿಕ್ಕೆಂದು ೨೦೦೧ರಲ್ಲಿ ಹೆಂಡತಿ ರಾಧಾಮಣಿಯನ್ನೂ ಕಟ್ಟಿಕೊಂಡು ಕೊಚ್ಚಿಗೆ ಹೋದವನು, ರೈಲಿಳಿದ ಗಳಿಗೆಯಿಂದಲೇ ಮೂಗು ಮುರಿಯತೊಡಗಿದ. ಇಲ್ಲಿಯ ಕಾಯಿ ಕಾಯಲ್ಲ, ಅನ್ನ ಅನ್ನವಲ್ಲ. ನಮ್ಮ ತೋಟಗಳಿಗೆ ನುಸಿ ರೋಗ ಅಂಟಿಸಿದವರೇ ಇವರು. ರಾಧಾಮಣಿ ಇಂಥ ಪುರಾಣವನ್ನು ಮದುವೆಯಾದ ದಿನದಿಂದ ಕೇಳುತ್ತ ಬಂದವಳು. ಕಿವಿಗೆ ಬಾಗಿಲಿಲ್ಲವಲ್ಲ ಅಂದುಕೊಂಡು ಸಮುದ್ರ ನೋಡಿದಳು.

ಮಿಷನ್ ಮಾರುವವನು ಊರಲ್ಲಿರಲಿಲ್ಲ, ಮಾರನೇ ದಿನ ಬರುವವನು. ಲಾಡ್ಜಿನ ಮುದುಕ ಹಿಂದೆ ಬೆಂಗಳೂರಿನ ಬೇಕರಿಯಲ್ಲಿದ್ದವನು, ಕನ್ನಡ ಆಡುತ್ತಿದ್ದ. "ಸುಮ್ಮನೆ ಯಾಕೆ ಕೂತಿರ್ತೀರಿ? ಸೈಕಲ್ ಬಾಡಿಗೆಗೆ ಕೊಡ್ತೀನಿ. ದೋಣಿಯಲ್ಲಿ ದಾಟಿದರೆ ವೈಪಿನ್ ದ್ವೀಪ. ನೆಟ್ಟಗೆ ಒಂದೇ ರಸ್ತೆ. ಆ ತುದಿಗೆ ಪೋರ್ಚುಗೀಸರು ಕಟ್ಟಿದ ಕೋಟೆ ಇದೆ, ಪಳ್ಳಿಪುರಂ ಅಂತ."

"ನಾನು ಹೈಸ್ಕೂಲಲ್ಲಿದ್ದಾಗ ಅರಸೀಕೆರೆಗೆ ಒಂದೇ ಉಸಿರಿಗೆ ಸೈಕಲ್ ತುಳೀತಿದ್ದೆ ಕಣ್ರೀ," ಅಂದ ಸೂರ್ಯಪ್ರಕಾಶ. ಆಮೇಲೆ ಹೆಂಡತಿ ಕಡೆ ತಿರುಗಿ, "ಇವಳಿಗೆಲ್ಲಿ ಬರಬೇಕು?"

"ಬರ್ತದೆ," ಅಂದಳು ರಾಧಾಮಣಿ. ಚಿಕ್ಕನಾಯಕನಹಳ್ಳಿ ಸ್ಕೂಲಿಗೆ ಅವಳು ಅಪ್ಪನ ಸೈಕಲ್ಲನ್ನು ತಾನೇ ತುಳಿದುಕೊಂಡು ಹೋಗಿ ಬಂದವಳು. ಗಂಡ ಅದನ್ನು ಯಾವತ್ತೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ದೋಣಿ ಹಡಗುಗಳ ಪಕ್ಕದಲ್ಲೇ ದಾಟಿತು. ಒಂದೊಂದೂ ತಿಪಟೂರಿನ ಎಪಿಎಂಸಿ ಗೋಡೌನಿನಷ್ಟು ಎತ್ತರ. ಅವಕ್ಕೆಲ್ಲ ತುಕ್ಕು ಹಿಡಿದಿದೆ ಅಂದ ಸೂರ್ಯಪ್ರಕಾಶ. ದ್ವೀಪದ ರಸ್ತೆಗೆ ಇಳಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಧಾಮಣಿ ಪೆಡಲ್ ಮೇಲೆ ಕಾಲಿಟ್ಟಳು. ಮೊದಲು ಹ್ಯಾಂಡಲ್ ಅತ್ತಿತ್ತ ಓಲಾಡಿತು. ಚರ್ಚು ದಾಟುವಷ್ಟರಲ್ಲಿ ಕಾಲಿಗೆ ಹಳೆಯದೆಲ್ಲ ನೆನಪಾಯಿತು.

ಅರಸೀಕೆರೆ ಶೂರ ಮಾತ್ರ ಹಿಂದೆ ಬಿದ್ದ. ಮೊದಲು ಚೈನ್ ಸರಿಯಿಲ್ಲ ಅಂದ. ಆಮೇಲೆ ಗಾಳಿ ಕಮ್ಮಿ, ಸೀಟು ಗಟ್ಟಿ, ಎದುರುಗಾಳಿ. ಉತ್ತರನ ಪೌರುಷ ಒಲೆ ಮುಂದೆ ಅಂತ ಸುಮ್ಮನೆ ಹೇಳಿದ್ದಾರೆಯೇ, ಅಂದುಕೊಂಡಳು ರಾಧಾಮಣಿ. ಸಿಗಡಿ ಸಾಕುವ ಕೆರೆಗಳು ಶುರುವಾಗುವ ಕಡೆ ಒಂದು ಎಳನೀರಿನಂಗಡಿ ಬಂತು. ಅವನು ಸೈಕಲ್ಲನ್ನು ಮರಕ್ಕೆ ಒರಗಿಸಿ ಬೆಂಚಿನ ಮೇಲೆ ಕೂತುಬಿಟ್ಟ.

"ಕೋಟೆಯಂತೆ ಕೋಟೆ. ಯಾರಿಗೆ ಬೇಕು? ವಾಪಸ್ ಹೋಗಣ ಬುಡು."

"ಇನ್ನೇನು ಅರ್ಧ ಬಂದಿದೀವಲ್ರೀ."

"ಅಷ್ಟು ಆಸೆ ಇದ್ರೆ ನೀನೇ ಹೋಗಿ ಬಾರೇ," ಅಂದ, ಇವಳೆಲ್ಲಿ ಹೋಗ್ತಾಳೆ ಅನ್ನುವ ಧೈರ್ಯದಲ್ಲಿ.

ರಾಧಾಮಣಿ ಹೊರಟೇಬಿಟ್ಟಳು. ಹಿಂದಿನಿಂದ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ಕೋಟೆ" ಅಂದರೆ ಸಾಕು, ಕೈ ತೋರಿಸುತ್ತಿದ್ದರು. ಬಿಸಿಲು ನೆತ್ತಿಗೇರಿತ್ತು, ರವಿಕೆ ಬೆನ್ನಿಗೆ ಅಂಟಿತ್ತು. ತೊಡೆ ಉರಿಯುತ್ತಿದ್ದರೂ ಇಳಿಯಲು ಮನಸ್ಸಾಗಲಿಲ್ಲ. ಕೊನೆಗೆ ಸಿಕ್ಕಿದ್ದು ಆರು ಮೂಲೆಯ ಒಂದು ಮೋಟು ಕಟ್ಟಡ. ಸೂರಿಲ್ಲ. ಗೋಡೆ ಮೇಲೆಲ್ಲ ಹುಲ್ಲು. ಸಮುದ್ರ ದಾಟಿ ಬಂದವರು ಕಟ್ಟಿದ್ದು ಇಷ್ಟೇನಾ, ಇದಕ್ಕಿಂತ ನಮ್ಮೂರ ಕೊಬ್ಬರಿ ಅಟ್ಟ ದೊಡ್ಡದು ಅನ್ನಿಸಿ ಅವಳಿಗೆ ನಗು ಬಂತು. ಗಂಡನ ಮಾತೇ ತನ್ನ ಬಾಯಿಗೆ ಬಂತಲ್ಲ ಅಂತ ಇನ್ನೂ ನಗು ಬಂತು. ನೆರಳಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ದೂರ ಒಬ್ಬಳೇ ಅವಳು ಎಲ್ಲಿಗೂ ಹೋದವಳಲ್ಲ.

ವಾಪಸ್ ಬಂದಾಗ ಸೂರ್ಯಪ್ರಕಾಶ ಅದೇ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

ಮಾರನೇ ದಿನ ಮಿಷನ್ ನೋಡಿಕೊಂಡು ಊರಿಗೆ ಬಂದ ಮೇಲೆ ತುರುವೇಕೆರೆಯಲ್ಲಿ ನೆಂಟರ ಮಗುವಿಗೆ ನಾಮಕರಣ. ಊಟದ ಪಂಕ್ತಿಯಲ್ಲಿ ಸೂರ್ಯಪ್ರಕಾಶನ ಬಾಯಿಗೆ ಬಿಡುವಿರಲಿಲ್ಲ. "ಆನೆ ನುಗ್ಗೋ ಅಂಥ ಬಾಗಿಲು ಕಣ್ಲಾ. ಗೋಡೆ ಮೇಲೆ ಸಾಲಾಗಿ ಫಿರಂಗಿ. ಆ ಬಿಸಿಲಲ್ಲಿ ಸೈಕಲ್ ತುಳಿದು ಹೋದೆ ಅಂತೀನಿ."

ಅವನ ಭಾವ ಸದಾಶಿವಯ್ಯ ಸಾರು ಬಡಿಸುತ್ತಿದ್ದ ರಾಧಾಮಣಿಯನ್ನು ಕೇಳಿದರು: "ಅಷ್ಟು ದೊಡ್ಡದೇನಮ್ಮ?"

"ಫಿರಂಗಿ ನಾನು ಕಾಣಲಿಲ್ಲ ಅಣ್ಣ. ಇವರು ಎಳನೀರಿನಂಗಡಿ ಬೆಂಚಿನ ಮೇಲೆ ಮಲಗಿದ್ರಲ್ಲ, ಅಲ್ಲಿಂದ ಕಾಣಿಸಿರಬೇಕು," ಅಂದು ಅವಳು ಮುಂದಿನ ಎಲೆಗೆ ಹೋದಳು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೂರ್ಯಪ್ರಕಾಶ ಪಾಯಸವನ್ನೂ ಮುಟ್ಟದೆ ಎದ್ದ.

ಎರಡು ದಿನ ಮಾತಿಲ್ಲ. ಮೂರನೇ ಬೆಳಿಗ್ಗೆ ಕಾಫಿ ಲೋಟ ಕೈಗೆ ತೆಗೆದುಕೊಂಡು, ಎತ್ತಲೋ ನೋಡುತ್ತ ಕೇಳಿದ: "ನಿಜವಾಗ್ಲೂ ಏನಿತ್ತೇ ಅಲ್ಲಿ?"

"ಏನಿಲ್ಲ. ಮೋಟು ಗೋಡೆ, ಹುಲ್ಲು."

ಅವನ ಮುಖ ಅರಳಿತು. "ನೋಡ್ದಾ? ಅದಕ್ಕೇ ನಾನು ಬರಲಿಲ್ಲ."