ನೆತ್ತಿಯ ಮೇಲೆ ಕಲ್ಲು

ಮುರ್ಡೇಶ್ವರದ ಸಮುದ್ರದಲ್ಲಿ ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸ್ಕೂಬಾ ಮಾಡಿಸುವುದು ದ್ರಾಕ್ಷಾಯಣಿಯ ಕೆಲಸ. ಮಳೆಗಾಲಕ್ಕೆ ಅದು ಬಂದ್ ಆದರೆ ಬೆಟಗೇರಿಯ ಮನೆಗೆ ಬಂದು ಅಪ್ಪ ಕಲ್ಲಣ್ಣನ ಮಗ್ಗಕ್ಕೆ ಕೈ ಹಚ್ಚುವಳು. ಈ ಸಲ ತನ್ನದೊಂದು ಸಿಲಿಂಡರನ್ನೂ ತಂದಿದ್ದಳು. ಶಿರಹಟ್ಟಿಯ ಆಚೆ ಒಬ್ಬ ಮನುಷ್ಯ ಬಾವಿಯಲ್ಲಿ ಸಿಕ್ಕಿಬಿದ್ದಿದ್ದಾನೆಂಬ ಖಬರು ಬಂದದ್ದೇ ತಡ, ಅಪ್ಪ ಮಗಳು ಅದನ್ನು ಆಟೋದಲ್ಲಿ ಹೇರಿಕೊಂಡು ಹೊರಟರು.

ಸಿಕ್ಕಿದ್ದವನು ಮಾಶಾಕ, ಬಾವಿಗಳ ಹೂಳೆತ್ತುವವನು. ಬೆಳಿಗ್ಗೆ ನೀರು ಮೊಣಕಾಲುದ್ದ ಇದ್ದಾಗ ಬಾವಿಯ ಅಡ್ಡ ಸುರಂಗದೊಳಕ್ಕೆ ನಡೆದೇ ಹೋಗಿದ್ದ. ಅಷ್ಟರಲ್ಲಿ ಹಳ್ಳ ಉಕ್ಕಿ, ಬದು ಒಡೆದು, ನೀರು ನುಗ್ಗಿ ಸುರಂಗದ ಬಾಯಿ ಮುಳುಗಿತ್ತು. ಒಳತುದಿ ತುಸು ಎತ್ತರವಿದ್ದುದರಿಂದ ಅಲ್ಲಿ ಗಾಳಿ ಉಳಿದಿತ್ತು. ಮೇಲಿನ ಹೊಲದಿಂದ ಅಲ್ಲಿಗೇ ಇಳಿದಿದ್ದ ಹಳೆಯ ಬೋರಿನ ಕೊಳವೆಯಿಂದ ಅವನ ದನಿ ಬರುತ್ತಿತ್ತು: “ಕಾಲ ಕಲ್ಲಾಗ ಸಿಕ್ಕೈತಿ! ನೀರ ಎದಿಮಟ ಬಂತು!”

ಹೆಂಡತಿ ಹಸೀನಾಬಿ ಕೊಳವೆಗೆ ಬಾಯಿ ಹಚ್ಚಿ ಕೂತಿದ್ದಳು. ಹೊಲದ ಒಡೆಯ ದೇವೇಂದ್ರಪ್ಪ ಡೀಸೆಲ್ ಪಂಪು ತರಲು ಟ್ರ್ಯಾಕ್ಟರ್ ಕಳಿಸಿದ್ದ.

ದ್ರಾಕ್ಷಾಯಣಿ ಮುರ್ಡೇಶ್ವರದಲ್ಲಿದ್ದ ತನ್ನ ಸ್ಕೂಬಾ ಗುರು ಅಝೀಮನಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು.

“ಇಳೀಬ್ಯಾಡ,” ಎಂದ ಆತ. “ಸಮುದ್ರದಾಗ ಏನರ ಕೆಟ್ರ ಸೀದಾ ಮ್ಯಾಲ ಬರ್ತಿ. ನೀ ಕಲ್ತಿದ್ದು ಅದು. ಇಲ್ಲಿ ನೆತ್ತಿ ಮ್ಯಾಲ ಕಲ್ಲೈತಿ. ಇದು ಟೆಕ್ನಿಕಲ್ ಡೈವಿಂಗ್, ಗವಿ-ಸುರಂಗದಾಗ ಮುಳುಗೋದು ಕಲ್ತವರ ಕೆಲಸ. ಸಾಮಾನು ಎಲ್ಲಾ ಎರಡೆರಡು ಬೇಕು. ಗಾಳ್ಯಾಗ ಮೂರು ಪಾಲು: ಒಂದು ಹೋಗಾಕ, ಒಂದು ಬರಾಕ, ಒಂದು ಮುಟ್ಟಂಗಿಲ್ಲ. ನಾ ಹೊಂಟೀನಿ, ಐದ ತಾಸಿನ್ಯಾಗ ಮುಟ್ಟತೀನಿ.”

“ಅಲ್ಲಿತನಕ ಆ ಮನಷ್ಯಾ ಇರ್ತಾನೇನ್ರಿ ಅಣ್ಣಾ?” ಎಂದು ಫೋನ್ ಇಟ್ಟಳು.

ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಅಪ್ಪನ ಕೈಗೆ ಕೊಟ್ಟು ಇಳಿದಳು. ಸುರಂಗದ ಬಾಯಿ ಸಿಕ್ಕಿತು. ಹತ್ತು ಮಾರು ಒಳಗೆ ಹೋಗುವಷ್ಟರಲ್ಲಿ ಅವಳ ಕಾಲಿನ ಬಡಿತಕ್ಕೇ ಹೂಳೆದ್ದು, ಬ್ಯಾಟರಿಯ ಬೆಳಕು ಕೆಂಪು ಮಸುಕಾಯಿತು. ಆಮೇಲೆ ತನ್ನ ಕೈಯೇ ತನಗೆ ಕಾಣಲಿಲ್ಲ. ಗಾಬರಿಯಲ್ಲಿ ಮೇಲಕ್ಕೆ ಒದ್ದಳು. ತಲೆ ಕಲ್ಲಿಗೆ ಬಡಿಯಿತು. ವರ್ಷಾನುಗಟ್ಟಲೆ ಜನರಿಗೆ ಕಲಿಸಿದ ಪಾಠವೆಲ್ಲ ಆ ಕಲ್ಲಿಗೆ ಬಂದು ನಿಂತಿತು.

ತಿರುಗಲು ನೋಡಿದಳು. ಆಗಲಿಲ್ಲ. ಸಡಿಲಾದ ಹಗ್ಗ ಬೆನ್ನಿನ ಹಿಂದೆ ಸಿಲಿಂಡರಿಗೆ ಸುತ್ತಿಕೊಂಡಿತ್ತು. ಜಗ್ಗಿದಷ್ಟೂ ಬಿಗಿಯಿತು. ಉಸಿರು ದಬದಬ ಓಡತೊಡಗಿತು. ಗಾಳಿ ತೋರಿಸುವ ಗಡಿಯಾರವನ್ನು ಕನ್ನಡಕಕ್ಕೇ ಒತ್ತಿ ನೋಡಿದರೆ ಮುಳ್ಳು ಕೆಂಪಿಗೆ ಇಳಿದಿತ್ತು. ಕಣ್ಣು ಮುಚ್ಚಿ, ಬಾಯಲ್ಲಿನ ನಳಿಕೆ ಬಿಡದೆ, ಸಿಲಿಂಡರಿನ ಪಟ್ಟಿ ಕಳಚಿ ಮುಂದಕ್ಕೆ ಎಳೆದುಕೊಂಡು, ಬೆರಳಲ್ಲೇ ತಡವಿ ಗಂಟು ಬಿಡಿಸಿದಳು. ಒಳಗೆ ಎಲ್ಲೋ ಹತ್ತಿರದಲ್ಲೇ ಮಾಶಾಕನ ಕೂಗು ಕೇಳಿಸಿದಂತಾಯಿತು. ಆದರೂ ಅತ್ತ ಹೋಗಲಿಲ್ಲ. ಸಿಲಿಂಡರನ್ನು ಎದೆಗವಚಿ, ಹಗ್ಗ ಹಿಡಿದು ಹೊರಗೆ ತೆವಳಿದಳು. ಬಾವಿಯ ಬೆಳಕು ಕಂಡಾಗ ನಳಿಕೆಯಲ್ಲಿ ಗಾಳಿ ಎಳೆದರೂ ಬರುತ್ತಿರಲಿಲ್ಲ.

ಹಸೀನಾಬಿ ಓಡಿ ಬಂದಳು.

“ಸಿಗಲಿಲ್ರಿ ಅಮ್ಮಾ,” ಎಂದಳು ದ್ರಾಕ್ಷಾಯಣಿ. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

“ನೀನರ ಬಂದೆಲ್ಲ, ನಮ್ಮವ್ವಾ,” ಎಂದು ಹಸೀನಾಬಿ ತನ್ನ ಸೆರಗಿನಿಂದಲೇ ಅವಳ ತಲೆ ಒರೆಸಿ, ಮತ್ತೆ ಕೊಳವೆಯ ಹತ್ತಿರ ಹೋಗಿ ಕೂತಳು.

ಬದುವಿಗೆ ಮಣ್ಣಿನ ಚೀಲ ಒಟ್ಟಿ ನೀರು ತಡೆದರು. ಮೂರು ಪಂಪು ಬಂದವು. ದ್ರಾಕ್ಷಾಯಣಿ ಪೈಪು ಹೊತ್ತಳು. ಕೊಳವೆಯಿಂದ ದನಿ ಒಮ್ಮೆ ನಿಂತೇಹೋಯಿತು, ಆಮೇಲೆ ಕೆಮ್ಮು ಕೇಳಿಸಿತು. ಸಂಜೆ ನಾಲ್ಕರ ಹೊತ್ತಿಗೆ ಸುರಂಗದ ಬಾಯಿ ತೆರೆಯಿತು. ಆಗತಾನೇ ಬಂದ ಅಝೀಮ ಮತ್ತು ಇಬ್ಬರು ಆಳುಗಳು ಸೊಂಟದುದ್ದ ನೀರಿನಲ್ಲಿ ಹೋಗಿ, ಕಲ್ಲು ಸರಿಸಿ, ಮಾಶಾಕನನ್ನು ಹೊತ್ತು ತಂದರು.

ಆಸ್ಪತ್ರೆಗೆ ಒಯ್ಯುವ ಜೀಪು ಬರುವ ತನಕ ಅವನನ್ನು ಕಟ್ಟೆಯ ಮೇಲೆ ಮಲಗಿಸಿದ್ದರು. ದ್ರಾಕ್ಷಾಯಣಿಯನ್ನು ಹತ್ತಿರ ಕರೆದ.

“ನಿನ್ನ ಬ್ಯಾಟ್ರಿ ಬೆಳಕ ಕಂಡಿತ್ತವಾ, ಕೆಂಪಗ. ಆಮ್ಯಾಲ ಹಿಂದಕ್ಕ ಹೋತು,” ಎಂದ. “ಆವಾಗ ಖರೇನ ಅಂಜಿದೆ.”

ಅವಳು ಅವನ ಕೈ ಹಿಡಿದು ಜೀಪು ಬರುವ ತನಕ ಅಲ್ಲೇ ಕೂತಳು.