ಆರು ಸೀಳಿನ ಬಾನೆಟ್

ನಾನು ಒಂದು ಕಾರಿನ ಬಾನೆಟ್. ಎಂಜಿನ್ನಿನ ಮುಚ್ಚಳ ಎಂದು ಕರೆದರೂ ನನಗೇನೂ ಬೇಸರವಿಲ್ಲ. ಹುಟ್ಟುವ ಮೊದಲು ಚಪ್ಪಟೆ ಉಕ್ಕಿನ ಹಾಳೆಯಾಗಿದ್ದೆ. ಮನೆಯಷ್ಟು ಎತ್ತರದ ಯಂತ್ರವೊಂದು ನನ್ನ ಮೇಲೆ ಒಮ್ಮೆ ಕೂತು ಎದ್ದಿತು, ಅಷ್ಟರಲ್ಲಿ ನನಗೆ ಉಬ್ಬು, ಅಂಚು, ಮೂಗು ಎಲ್ಲ ಬಂದಿದ್ದವು. ಆಮೇಲೆ ಅರಿಸಿನದ ಬಣ್ಣ ಹೊಡೆದು ಒಂದು ಪುಟ್ಟ ಕಾರಿಗೆ ಜೋಡಿಸಿದರು. ನನ್ನ ಕೆಳಗಿದ್ದ ಎಂಜಿನ್ ಚಿಕ್ಕದು, ಆದರೆ ಅದಕ್ಕೊಂದು ಟರ್ಬೊ ಇತ್ತು. ಎಂಜಿನ್ ಉಗುಳಿದ ಹೊಗೆಯ ರಭಸದಲ್ಲೇ ಗಿರಗಿರನೆ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ, ಬಸವನಹುಳುವಿನ ಆಕಾರದ ಸಾಧನ ಅದು. ಕಾರಿನ ಶಕ್ತಿಯೆಲ್ಲ ಅದರದ್ದು. ನನ್ನನ್ನು ಸುಡುತ್ತಿದ್ದ ಬಿಸಿಯೂ ಅದರದ್ದೇ.

ಮೊದಲ ಯಜಮಾನರು ಬ್ಯಾಂಕಿನ ಅಧಿಕಾರಿ. ಭಾನುವಾರ ನನ್ನನ್ನು ಒರೆಸುವುದೇ ಅವರಿಗೆ ಪೂಜೆ. ಕಾರು ಓಡಿದ್ದು ಕಡಿಮೆ. ದೂರದ ಊರಿಗೆ ವರ್ಗವಾದಾಗ ಅವರು ಕಾರನ್ನು ಮೈಸೂರಿನ ವೇದವಲ್ಲಿಗೆ ಮಾರಿದರು. ನನ್ನ ನಿಜವಾದ ಬಾಳು ಶುರುವಾದದ್ದು ಅಲ್ಲಿಂದ.

ವೇದವಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ವಾರವಿಡೀ ತನ್ನ ಶಾಲೆಯ ಹಳೆಯ ಕಾರಿನಲ್ಲಿ ಎರಡನೇ ಗೇರು ದಾಟದೆ, ಪಕ್ಕದ ಸೀಟಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, "ನಿಧಾನ, ಅಮ್ಮಾ, ನಿಧಾನ" ಎನ್ನುವುದೇ ಅವಳ ಕೆಲಸ. ಒಳಗೆ ತುಂಬಿಕೊಂಡ ಆ ನಿಧಾನವನ್ನೆಲ್ಲ ಬಿಚ್ಚಿಬಿಡಲು ತಿಂಗಳಿಗೊಮ್ಮೆ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದಳು. ಸ್ವಂತ ಕಾರು ತಂದವರಿಗೆ ಅಲ್ಲಿ ಸರದಿಯ ಮೇಲೆ ಓಡಿಸಲು ಬಿಡುತ್ತಿದ್ದರು. ಪೈಪೋಟಿ ಇಲ್ಲ, ಬಹುಮಾನವೂ ಇಲ್ಲ.

ಅವಳ ಗಂಡ ಸಂಪತ್ತು ಬೇಕರಿ ನಡೆಸುತ್ತಿದ್ದ. ಅವನಿಗೆ ವೇಗವೆಂದರೆ ಬಹಳ ಭಯ. ಆದರೂ ಹೆಂಡತಿಯನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಬಂದು, ಟ್ರ್ಯಾಕಿಗೆ ಬೆನ್ನು ಹಾಕಿ ಕುಳಿತಿರುತ್ತಿದ್ದ. "ನೀನು ಓಡ್ಸು, ನಾನು ಬೇಡ ಅನ್ನಲ್ಲ. ನೋಡು ಅಂತ ಮಾತ್ರ ಹೇಳ್ಬೇಡ" ಎನ್ನುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಎಂಜಿನ್ ಎಂದಿನಂತೆ ಎಳೆಯಲಿಲ್ಲ. ನನ್ನ ಕೆಳಗೆ ಸಿಕ್ಕಿಬಿದ್ದ ಬಿಸಿಗಾಳಿಯನ್ನೇ ಕುಡಿದು ಕುಡಿದು ಅದು ಸೋತಿತ್ತು. ತಾನೇ ಸರಿಯಾಗಿ ಓಡಿಸುತ್ತಿಲ್ಲ ಎಂದುಕೊಂಡ ವೇದವಲ್ಲಿ ಇನ್ನಷ್ಟು ಒತ್ತಿದಳು. ಕೊನೆಗೆ ಟ್ರ್ಯಾಕಿನಿಂದ ನೇರವಾಗಿ ಕಾರು ನಿಲ್ಲಿಸುವ ಜಾಗಕ್ಕೆ ತಂದು, ಕೀ ತಿರುಗಿಸಿ ಎಂಜಿನ್ ಆರಿಸಿದಳು. ಅದೇ ತಪ್ಪಾಯಿತು. ಓಡುವಾಗ ಅಷ್ಟಿಷ್ಟು ಬೀಸುತ್ತಿದ್ದ ಗಾಳಿಯೂ ನಿಂತು, ಟರ್ಬೊದ ಕಾವೆಲ್ಲ ಮೇಲೆದ್ದು ನನಗೆ ಅಂಟಿಕೊಂಡಿತು. ನನ್ನ ಒಳಮೈಗೆ ಹೊದಿಸಿದ್ದ ದಪ್ಪ ಬಟ್ಟೆ ಕಮರಿತು. ಟರ್ಬೊ ಪಕ್ಕದ ತಂತಿಗಳ ಪ್ಲಾಸ್ಟಿಕ್ ಕರಗಿತು. ನನ್ನ ಅಂಚುಗಳಿಂದ ಹೊಗೆ ಬಂತು.

ಯಾರೋ "ಹೊಗೆ! ಹೊಗೆ!" ಎಂದು ಕೂಗಿದರು. ಸಂಪತ್ತು ತಿರುಗಿ ನೋಡಿದ. ಹೆಂಡತಿ ಇನ್ನೂ ಕಾರಿನೊಳಗೇ ಇದ್ದಳು. ಓಡಿಬಂದವನೇ ಬರಿಗೈಯನ್ನು ನನ್ನ ಮೇಲೆ ಊರಿ, ನನ್ನನ್ನು ಎತ್ತಲು ನೋಡಿದ. ಅವನ ಅಂಗೈ ಚುರ್ ಎಂದದ್ದು ನನಗೇ ಕೇಳಿಸಿತು.

"ಎತ್ತಬೇಡಿ ಸಾರ್! ಒಳಗೆ ಗಾಳಿ ಹೋದ್ರೆ ಬೆಂಕಿ ಹತ್ಕೊಳ್ಳುತ್ತೆ!" ಎಂದು ಟ್ರ್ಯಾಕಿನ ಸಿಬ್ಬಂದಿಯೊಬ್ಬ ಅವನನ್ನು ಹಿಂದಕ್ಕೆಳೆದು, ನನ್ನ ಸಂದಿನಿಂದಲೇ ಬೆಂಕಿ ಆರಿಸುವ ಪುಡಿ ಊದಿದ. ವೇದವಲ್ಲಿ ಕೆಮ್ಮುತ್ತ ಹೊರಗೆ ಬಂದಳು. ಅವಳಿಗೆ ಏನೂ ಆಗಿರಲಿಲ್ಲ. ಗಂಡನ ಅಂಗೈ ನೋಡಿದ ಮೇಲೆಯೇ ಅವಳು ಅತ್ತದ್ದು.

ಅಲ್ಲೇ ನನ್ನ ಪಕ್ಕ ಕೂತು ಕೈಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಸಂಪತ್ತು, "ಇನ್ನು ಸಾಕು ವೇದಾ" ಎಂದ.

"ಸಾಕು ಅಂದ್ರೆ ಸಾಕು ರೀ. ಆದ್ರೆ ಯಾಕ್ ಹೀಗಾಯ್ತು ಅಂತ ತಿಳ್ಕೊಂಡು ಸಾಕ್ ಮಾಡ್ತೀನಿ. ಹೆದರ್ಕೊಂಡು ಬಿಟ್ಟೆ ಅಂತ ಆಗ್ಬಾರ್ದು."

ಕಾರನ್ನು ಲೂರ್ದು ಎಂಬ ಮೆಕ್ಯಾನಿಕ್ಕಿನ ಶೆಡ್ಡಿಗೆ ಎಳೆದು ತಂದರು. ಅವನು ಟರ್ಬೊಗೆ ಶಾಖ ತಡೆಯುವ ದಪ್ಪ ಕವಚ ತೊಡಿಸಿದ, ಹೊಗೆಯ ಪೈಪಿಗೆ ಪಟ್ಟಿ ಸುತ್ತಿದ, ಹೊಸ ತಂತಿಗಳಿಗೆ ಬೆಳ್ಳಿಬಣ್ಣದ ಹಾಳೆ ಹೊದಿಸಿದ. "ಇದು ಅರ್ಧ ಕೆಲ್ಸ ಅಕ್ಕಾ. ಎಷ್ಟೇ ಸುತ್ತಿದ್ರೂ ಸ್ವಲ್ಪ ಬಿಸಿ ಆಚೆ ಬಂದೇ ಬರುತ್ತೆ. ಅದಕ್ಕೆ ಹೋಗೋ ದಾರಿ ಬೇಕು" ಎಂದ.

ಕೈಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದ ಸಂಪತ್ತು ತಾನಾಗಿಯೇ ಬಾಯಿ ಹಾಕಿದ. "ಬಾನೆಟ್ಟಿನ ಹಿಂಭಾಗ ಒಂಚೂರು ಎತ್ತಿಡಿ. ಗಾಜಿನ ಹತ್ರ ಸಂದು ಬಿಟ್ರೆ ಬಿಸಿ ಹೋಗುತ್ತಲ್ಲ?"

ಎಲ್ಲರಿಗೂ ಸರಿ ಎನಿಸಿತು. ಕೀಲಿನ ಕೆಳಗೆ ವಾಷರ್ ಇಟ್ಟು ನನ್ನನ್ನು ಎತ್ತಿದರು. ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಬಿಸಿ ಕಡಿಮೆಯಾಗಲಿಲ್ಲ. ಎಂಜಿನ್ನಿನ ವಾಸನೆ ಕಾರಿನೊಳಗೇ ಬರತೊಡಗಿತು.

ಗಾಳಿ ಎಲ್ಲಿ ಹೇಗೆ ಓಡುತ್ತದೆಂದು ಕಣ್ಣಿಂದ ನೋಡಿದರೇ ಗೊತ್ತಾಗುವುದು ಎಂದು ವೇದವಲ್ಲಿ ಸ್ವೆಟರ್ ಹೆಣೆಯುವ ಉಣ್ಣೆಯನ್ನು ಬೆರಳುದ್ದದ ಎಳೆಗಳಾಗಿ ಕತ್ತರಿಸಿ, ಒಂದು ತುದಿಗೆ ಮಾತ್ರ ಟೇಪು ಹಾಕಿ ನನ್ನ ಮೈತುಂಬ ಅಂಟಿಸಿದಳು. ಟ್ರ್ಯಾಕಿಗೆ ಹೋದೆವು. ಓಡಿಸುವವಳು ದಾರಿ ನೋಡಬೇಕು. ಎಳೆಗಳನ್ನು ನೋಡಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಲೂರ್ದು ಕಾರು ಹತ್ತಲು ಹೊರಟಿದ್ದ. ಅಷ್ಟರಲ್ಲಿ ಸಂಪತ್ತು, "ನಾನೇ ಕೂತ್ಕೋತೀನಿ. ತಪ್ಪು ಐಡಿಯಾ ಕೊಟ್ಟೋನು ನಾನಲ್ವಾ" ಎಂದು ಹೆಲ್ಮೆಟ್ ಹಾಕಿಕೊಂಡ.

ಮೊದಲ ತಿರುವಿನಲ್ಲಿ ಅವನ ಮುಖ ನನಗೆ ಗಾಜಿನಾಚೆ ಕಂಡಿತು. ಬಿಳಿಚಿಕೊಂಡಿತ್ತು. ಕಣ್ಣು ಮುಚ್ಚುವ ಹಾಗಿರಲಿಲ್ಲ, ಎಳೆ ನೋಡಬೇಕಿತ್ತಲ್ಲ. ನೋಡುತ್ತ ನೋಡುತ್ತ ಅವನು ಭಯವನ್ನು ಮರೆತ.

"ಗಾಜಿನ ಹತ್ರ ಇರೋವು ಉಲ್ಟಾ ತಿರುಗ್ತಾ ಇವೆ ಕಣೇ! ಅಲ್ಲಿ ಗಾಳಿ ಒಳಕ್ಕೆ ನುಗ್ತಾ ಇದೆ! ಮುಂದಿನವು ಮಾತ್ರ ಬಾಚಿದ ಹಾಗೆ ಮಲಗಿವೆ. ಇನ್ನೊಂದ್ಸಲ ಜೋರಾಗಿ ಹೋಗು!"

ವೇದವಲ್ಲಿ ನಗು ತಡೆದುಕೊಂಡು ಜೋರಾಗಿ ಹೋದಳು.

ಲೂರ್ದುಗೆ ಅಷ್ಟು ಸಾಕಾಯಿತು. ಗಾಜಿನ ಬುಡದಲ್ಲಿ ಗಾಳಿ ಗುಂಪುಗಟ್ಟಿ ಒತ್ತುತ್ತದೆ. ಅಲ್ಲಿ ಸಂದು ಬಿಟ್ಟರೆ ಹೊರಗಿನದು ಒಳಕ್ಕೆ ಬರುತ್ತದೆ. ನನ್ನ ಮುಂದಿನ ಉಬ್ಬನ್ನು ದಾಟುವಲ್ಲಿ ಒತ್ತಡ ಇಳಿದು, ಒಳಗಿನ ಬಿಸಿಯನ್ನು ಅದೇ ಗಾಳಿ ಹೀರಿಕೊಳ್ಳುತ್ತದೆ. ವಾಷರ್ ತೆಗೆದು, ಉಬ್ಬಿನ ಹಿಂದೆ ಆರು ಸೀಳುಗಳನ್ನು ಕೊಯ್ದ. ಕಿಡಿಗಳು ಹಾರಿದವು, ಅರಿಸಿನ ಬಣ್ಣ ಸುಟ್ಟು ಕಪ್ಪಾಯಿತು. ಭಾನುವಾರ ನನ್ನನ್ನು ಒರೆಸುತ್ತಿದ್ದ ಮೊದಲ ಯಜಮಾನರು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ. ನನಗಂತೂ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು.

ಅದೇ ಬೇಸಿಗೆಯಲ್ಲಿ ಮತ್ತೆ ಟ್ರ್ಯಾಕ್. ಈ ಸಲ ಸಂಪತ್ತು ಟ್ರ್ಯಾಕಿಗೆ ಮುಖ ಮಾಡಿ ನಿಂತಿದ್ದ. ವೇಗ ಏರಿದಂತೆ ಕೆಳಗಿನ ಕಾವು ನನ್ನ ಸೀಳುಗಳಿಂದ ಹೊರಟು ಹೋಗುತ್ತಿತ್ತು. ಹುಟ್ಟಿದಾಗಿನಿಂದ ಬಿಗಿಹಿಡಿದ ಉಸಿರನ್ನು ಬಿಟ್ಟ ಹಾಗಾಯಿತು. ಎಂಜಿನ್ ಕೊನೆಯವರೆಗೂ ಸೋಲಲಿಲ್ಲ. ವೇದವಲ್ಲಿ ಕೊನೆಯ ಸುತ್ತನ್ನು ಮೆಲ್ಲಗೆ ಹಾಕಿ, ಕಾರು ನಿಲ್ಲಿಸಿದ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟು, ಆಮೇಲೆ ಆರಿಸಿದಳು.

ಸಂಪತ್ತು ಹತ್ತಿರ ಬಂದ. ಕಲೆ ಉಳಿದ ಅಂಗೈಯನ್ನು ಮೆಲ್ಲಗೆ ನನ್ನ ಮೇಲೆ ಇಟ್ಟ, ಹಾಗೇ ಇಟ್ಟುಕೊಂಡ.

"ಬೆಚ್ಚಗಿದೆ ಅಷ್ಟೇ ವೇದಾ. ಸುಡ್ತಿಲ್ಲ."

"ಹಾಗಾದ್ರೆ ಸಾಕು ಮಾಡ್ಲಾ?"

"ಈಗ್ಯಾಕೆ ಸಾಕು? ತಿಂಡಿ ತಿನ್ನು. ನಿನ್ನ ಸರದಿ ಇನ್ನೊಂದಿದೆ" ಎಂದ. ಬೆಳಿಗ್ಗೆಯಿಂದ ಏನೂ ತಿನ್ನದವನು ತಾನೇ ತಂದ ಖಾರದ ಬನ್ನುಗಳನ್ನು ಒಂದರ ಮೇಲೊಂದು ತಿಂದ.

ಆಮೇಲೆ ಬಹಳ ವರ್ಷ ಓಡಿದೆವು. ಕಾರು ಹಳತಾಗಿ ಮಾರಾಟಕ್ಕೆ ಬಂದಾಗ, ಕೊಳ್ಳುವವರು ಸೀಳಿಲ್ಲದ ಬಾನೆಟ್ ಬೇಕೆಂದರು. ನಾನು ಲೂರ್ದುವಿನ ಶೆಡ್ಡಿನ ಗೋಡೆಗೆ ಒರಗಿ ಉಳಿದೆ. ಅಂಚಿಗೆ ತುಕ್ಕು ಬಂದಿದೆ. ಆದರೂ ಟರ್ಬೊ ಕಾರಿನವರು ಯಾರಾದರೂ ಬಂದರೆ ಲೂರ್ದು ಮೊದಲು ನನ್ನನ್ನೇ ತೋರಿಸುತ್ತಾನೆ. ನನ್ನ ಸೀಳುಗಳ ಮೇಲೆ ಕಾಗದ ಹರಡಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾನೆ. ನಾಚಿಕೆ ಯಾವಾಗಲೋ ಹೋಗಿದೆ.

ಮೊನ್ನೆ ಸಂಪತ್ತು ಬಂದಿದ್ದ. ತಲೆ ನರೆತಿದೆ. ಹೊರಗೆ ನಿಲ್ಲಿಸಿದ್ದ ನೀಲಿ ಕಾರನ್ನು ತೋರಿಸಿ, "ಇದಕ್ಕೂ ಹಾಗೇ ಕೊಯ್ದು ಕೊಡು ಲೂರ್ದು" ಎಂದ.

"ಆಯ್ತಣ್ಣ. ಅಕ್ಕಂಗೆ ಯಾವತ್ತು ಬೇಕು?"

ಸಂಪತ್ತು ಸ್ವಲ್ಪ ನಾಚಿಕೊಂಡ. "ಅವಳಿಗಲ್ಲಪ್ಪಾ. ಅವಳು ಪಕ್ಕದಲ್ಲಿ ಕೂತ್ಕೋತಾಳೆ. ಓಡ್ಸೋದು ನಾನು."